ಒನ್ಸ್ ಮೋರ್ ಎಂದರೆ ಸತ್ತವರು ಏಳುತ್ತಿದ್ದರು

ಆಗಿನ್ನೂ ಸಾರಕ್ಕಿ ಅರ್ಧ ಊರು, ಅರ್ಧ ಬೆಂಗಳೂರು. ಜೆ.ಪಿ. ನಗರದ ಕಡೆಯವರು ನಮ್ಮ ಓಣಿ ನೋಡಿ ಮೂಗು ಮುರಿಯುತ್ತಿದ್ದರು. ನಮಗೋ, ಪಾಪ, ಅವರ ಅಷ್ಟಗಲದ ರಸ್ತೆಗಳಲ್ಲಿ ಒಂದು ನಾಟಕವೂ ಆಡುವುದಿಲ್ಲವಲ್ಲ ಎಂದು ಅವರ ಮೇಲೆ ಕನಿಕರ. ಅವರೆಕಾಯಿ ಕಾಲ ಬಂತೆಂದರೆ ಮಾರ್ಕೆಟ್ಟಿನಿಂದ ಕೆರೆಯವರೆಗೂ ಸೊಗಡಿನ ವಾಸನೆ. ಸಂಜೆ ನಾನು, ಅಮ್ಮ, ಅಜ್ಜಿ ನೆನೆಸಿದ ಕಾಳು ಹಿಚುಕುತ್ತ ಕೂತರೆ, ಮನೆಗೆ ಅಂಟಿಕೊಂಡೇ ಇದ್ದ ಅಪ್ಪನ ದಿನಸಿ ಅಂಗಡಿಯ ಹಿಂದಿನ ಶೆಡ್ಡಿನಿಂದ ಹಾರ್ಮೋನಿಯಂ ಕೇಳಿಸುತ್ತಿತ್ತು. ಅಂದರೆ ನಾಟಕದ ಪ್ರಾಕ್ಟೀಸು ಶುರುವಾಯಿತು ಎಂದು ಅರ್ಥ.

ನಾಟಕ ಬರೆದು ಕಲಿಸುತ್ತಿದ್ದವರು ಹುಳಿಮಾವಿನ ಹಾರ್ಮೋನಿಯಂ ಮೇಷ್ಟ್ರು. ನಾಟಕಕ್ಕೆ ಉದ್ದನೆಯ ಸಂಸ್ಕೃತದ ಹೆಸರೊಂದಿತ್ತು, ನಾವೆಲ್ಲ 'ಅಣ್ಣತಮ್ಮಂದಿರ ನಾಟಕ' ಎನ್ನುತ್ತಿದ್ದೆವು. ತಮ್ಮ ತನ್ನ ಸಿಂಹಾಸನಕ್ಕೆ ಕಣ್ಣು ಹಾಕಿದ್ದಾನೆಂದು ಯಾರದೋ ಚಾಡಿ ಕೇಳಿ ರಾಜ ಅವನನ್ನು ಕೊಲ್ಲುತ್ತಾನೆ. ತಮ್ಮನ ಹೆಂಡತಿ ಸೇಡು ತೀರಿಸಿಕೊಳ್ಳುತ್ತಾಳೆ. ಕೊನೆಗೆ ರಾಜನಿಗೆ ಹುಚ್ಚು ಹಿಡಿದು, ಕಾಡಿನಲ್ಲಿ ತಮ್ಮನ ಹೆಸರು ಕೂಗುತ್ತ ಅಲೆಯುತ್ತಾನೆ. ರಾಜನ ಪಾತ್ರ ಪ್ರತಿವರ್ಷವೂ ಅಪ್ಪನದು. ತಮ್ಮನ ಪಾತ್ರ, ಅಪ್ಪನ ಸ್ವಂತ ತಮ್ಮ, ನಂಜುಂಡ ಚಿಕ್ಕಪ್ಪನದು.

ಚಿಕ್ಕಪ್ಪ ಕತ್ತಿಯೇಟು ತಿಂದು ಬಿದ್ದು, ಬಿದ್ದಲ್ಲಿಂದಲೇ ಒಂದು ಹಾಡು ಹೇಳಿ ಸಾಯುತ್ತಿದ್ದ. ಹಾಡು ಮುಗಿಯುವುದೇ ತಡ, ಜನ 'ಒನ್ಸ್ ಮೋರ್!' ಎಂದು ಕೂಗುತ್ತಿದ್ದರು. ಕೂಗಿದ ಮೇಲೆ ಮುಗಿಯಿತು, ಸತ್ತವನು ಏಳಲೇಬೇಕು. ಚಿಕ್ಕಪ್ಪ ಎದ್ದು, ಪಂಚೆಯ ಧೂಳು ಕೊಡವಿ, ಜನರಿಗೆ ಕೈ ಮುಗಿದು ನಿಲ್ಲುತ್ತಿದ್ದ. ಅಪ್ಪ ಪುನಃ ತಗಡಿನ ಕತ್ತಿ ಬೀಸುತ್ತಿದ್ದ. ಚಿಕ್ಕಪ್ಪ ಪುನಃ ಬಿದ್ದು, ಹಾಡಿ, ಸಾಯುತ್ತಿದ್ದ. ಸತ್ತು ಮಲಗಿದಾಗ ಮುಂದಿನ ಚಾಪೆಯಲ್ಲಿ ಕೂತ ನನ್ನನ್ನು ಒಂದೇ ಕಣ್ಣು ತೆರೆದು ನೋಡುತ್ತಿದ್ದ. ನಾನು ಕಿಸಕ್ಕನೆ ನಕ್ಕರೆ, ಅಜ್ಜಿ ಕಡ್ಲೆಪುರಿ ತುಂಬಿದ ಬಾಯಲ್ಲೇ 'ಶ್' ಎಂದು ತೊಡೆ ಚಿವುಟುತ್ತಿದ್ದಳು. ಅವಳಿಗೆ ತನ್ನ ಮಗ ಸಾಯುವುದನ್ನು ನೋಡಿ ಅಳುವುದೆಂದರೆ ಹಬ್ಬದಷ್ಟೇ ಇಷ್ಟ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ನಾಟಕಕ್ಕೆ ಇನ್ನು ಕೆಲವೇ ದಿನ ಇರುವಾಗ ಬಾಡಿಗೆಯ ವೇಷಭೂಷಣ ಬಂತು. ಪ್ರಾಕ್ಟೀಸಾದ ಮೇಲೆ ಮೇಷ್ಟ್ರನ್ನು ಸ್ಕೂಟರಿನಲ್ಲಿ ಹುಳಿಮಾವಿಗೆ ಬಿಟ್ಟು ಬರುವುದು ಅಣ್ಣತಮ್ಮಂದಿರಿಗೆ ದಿನ ಬಿಟ್ಟು ದಿನದ ಸರದಿ. ಅವತ್ತು ಅಪ್ಪನದು. ಅಪ್ಪನೋ ಕಿರೀಟ ಇಟ್ಟುಕೊಂಡು, ಗಮ್ಮಿನ ವಾಸನೆ ಹೊಡೆಯುವ ಮೀಸೆ ಅಂಟಿಸಿಕೊಂಡು ಕನ್ನಡಿ ಬಿಟ್ಟು ಕದಲಲೊಲ್ಲ.

"ಲೋ ನಂಜುಂಡ, ಮೀಸೆ ಇನ್ನೂ ಒಣಗಿಲ್ಲ ಕಣೋ. ಇವತ್ತೊಂದಿನ ನೀನೇ ಬಿಟ್ಟು ಬಾ."

"ರಾಜರ ಅಪ್ಪಣೆ!" ಎಂದು ಚಿಕ್ಕಪ್ಪ ನನ್ನ ಜಡೆ ಎಳೆದು ಹೋದ. ಮೇಷ್ಟ್ರು ಮನೆ ಮುಟ್ಟಿದರು. ವಾಪಸ್ ಬರುವಾಗ ಬನ್ನೇರುಘಟ್ಟ ರಸ್ತೆಯಲ್ಲಿ ಒಂದು ಲಾರಿ ಚಿಕ್ಕಪ್ಪನ ಮೇಲೆ ಹರಿಯಿತು.

ಮಣ್ಣು ಮಾಡಿ ಬಂದ ಮೇಲೆ ಅಜ್ಜಿ ಅಪ್ಪನೊಂದಿಗೆ ಮಾತು ಬಿಟ್ಟಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಮೀಸೆಯ ಮಾತನ್ನು ಅವಳೂ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳಲ್ಲ. ಅಪ್ಪನಿಗೆ ಏನು ಹೇಳುವುದಿದ್ದರೂ ನನ್ನ ಮೂಲಕವೇ.

"ನಿಮ್ಮಪ್ಪನಿಗೆ ಹೇಳು, ಊಟಕ್ಕೆ ಇಟ್ಟಿದೆ ಅಂತ."

ಅಪ್ಪ ಎದುರಿಗೇ ಕೂತಿರುತ್ತಿದ್ದ. ನಾನು ಹೇಳಬೇಕು, ಅವನು ತಟ್ಟೆಗೆ ಕೈ ಹಾಕಬೇಕು. "ಸಾಕು ಅಂತ ಹೇಳು ಅಜ್ಜಿಗೆ" ಎಂದು ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದ. ಮೊದಲೆಲ್ಲ ನನಗೆ ಇದು ಆಟದಂತಿತ್ತು. ಆಮೇಲಾಮೇಲೆ ಊಟದ ಹೊತ್ತಾದರೆ ಹೋಂವರ್ಕಿದೆ ಎಂದು ತಪ್ಪಿಸಿಕೊಳ್ಳಲು ನೋಡುತ್ತಿದ್ದೆ. ಅಪ್ಪ ಅಂಟಿಸುವ ಮೀಸೆಯನ್ನು ಮತ್ತೆ ಮುಟ್ಟಲಿಲ್ಲ. ಆ ವರ್ಷ ನಾಟಕವೂ ಆಗಲಿಲ್ಲ.

ಮುಂದಿನ ಅವರೆಕಾಯಿ ಕಾಲಕ್ಕೆ ಊರಿನವರು ಬಂದು ಕೇಳಿದರು. ಅಪ್ಪ ಕೈ ಮುಗಿದುಬಿಟ್ಟ. "ನನ್ನ ಕೈಲಾಗಲ್ಲ, ಬಿಟ್ಬಿಡಿ."

ಮೊರದ ಮುಂದೆ ಕೂತಿದ್ದ ಅಜ್ಜಿ ನನ್ನ ಕಡೆ ತಿರುಗಿದಳು. "ನಿಮ್ಮಪ್ಪನಿಗೆ ಹೇಳು, ನಾಟಕ ಆಗ್ಬೇಕು. ರಾಜನ ಪಾತ್ರ ಅವನೇ ಮಾಡ್ಬೇಕು."

ಎಲ್ಲರೂ ಬೆಪ್ಪಾದರು. ಒಳಗೆ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ಅತ್ತೆ ಸೇಡು ತೀರಿಸ್ಕೊಳ್ತಿದ್ದಾರೆ. ತಮ್ಮನನ್ನ ಮತ್ತೆ ಕೊಲ್ಲು ಅಂತಿದ್ದಾರೆ" ಎಂದಳು. ನನಗೂ ಹಾಗೇ ಅನ್ನಿಸಿ, ಅಜ್ಜಿಯ ಪಕ್ಕ ಮಲಗುವುದನ್ನು ಬಿಟ್ಟೆ. ಅಪ್ಪ ಮಾತ್ರ ಎದುರಾಡಲಿಲ್ಲ. ಸ್ವಂತ ಮೀಸೆ ಬಿಡತೊಡಗಿದ.

ನಾಟಕದ ದಿನ ಸಂಜೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಕ್ಕಪ್ಪನ ಪಾತ್ರ ಅವನ ಗೆಳೆಯ, ಸೊಪ್ಪು ಮಾರುವ ಕೆಂಪಣ್ಣನದು. ಅಜ್ಜಿ ಹಣೆ ತುಂಬ ವಿಭೂತಿ ಹಚ್ಚಿ ಎಂದಿನಂತೆ ಮುಂದಿನ ಚಾಪೆಯಲ್ಲಿ ಕೂತಳು. ಕಡ್ಲೆಪುರಿ ಮುಟ್ಟಲಿಲ್ಲ. ಅಪ್ಪ ಕತ್ತಿ ಬೀಸಿದ. ಕೆಂಪಣ್ಣ ಬಿದ್ದು, ಹಾಡಿ, ಸತ್ತ. ಯಾರೂ ಕೂಗಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ತಲೆ ತಗ್ಗಿಸಿದ್ದರು.

"ಒನ್ಸ್ ಮೋರ್!"

ಅದು ಅಜ್ಜಿಯ ದನಿ. ಕೆಂಪಣ್ಣ ಎದ್ದ, ಕೈ ಮುಗಿದ. ಅಪ್ಪ ಮತ್ತೆ ಕತ್ತಿ ಬೀಸಿದ. ಹಾಡು ಮುಗಿಯುತ್ತಲೇ ಅಜ್ಜಿ ಮತ್ತೆ ಕೂಗಿದಳು. ಮೇಷ್ಟ್ರು ಹಾರ್ಮೋನಿಯಂ ಮೇಲೆ ಕೈಯಿಟ್ಟು ಅಪ್ಪನ ಮುಖ ನೋಡಿದರು. ಅಪ್ಪ ತಲೆಯಾಡಿಸಿದ. ಈ ಸಲ ಕೆಂಪಣ್ಣನಿಗೆ ಅಳು ಬಂದು ಹಾಡು ಅರ್ಧಕ್ಕೇ ನಿಂತಿತು. ಅಜ್ಜಿ ಮೊಣಕಾಲೂರಿ ಎದ್ದು ಇನ್ನೂ ಗಟ್ಟಿಯಾಗಿ ಕೂಗಿದಳು, "ಒನ್ಸ್ ಮೋರ್!"

ಅಪ್ಪನ ಕೈಯಿಂದ ಕತ್ತಿ ಜಾರಿತು. ಕಿರೀಟ ಉರುಳಿದ್ದೂ ನೋಡದೆ ಸ್ಟೇಜಿನಿಂದ ಧುಮುಕಿ ಅಜ್ಜಿಯ ಕಾಲ ಮೇಲೆ ಬಿದ್ದ.

"ಅವ್ವಾ, ಹೋಗ್ಬೇಕಾಗಿದ್ದು ನಾನು. ಒಂದು ಮೀಸೆಗೋಸ್ಕರ ಅವನ್ನ ಕಳಿಸ್ಬಿಟ್ಟೆ. ಹೊಡಿ, ಬೈಯಿ, ಏನಾದ್ರೂ ಮಾಡು. ಹಿಂಗೆ ಕೊಲ್ಲಬೇಡ."

ಅಜ್ಜಿ ಅವನನ್ನು ನೋಡಲೇ ಇಲ್ಲ. ಸ್ಟೇಜಿನ ಮೇಲೆ ಮಲಗಿದ್ದ ಕೆಂಪಣ್ಣನನ್ನೇ ನೋಡುತ್ತಿದ್ದಳು.

"ನಿನ್ನ ಕೊಲ್ಲೋಕೆ ಕೂಗಿಲ್ಲ ಕಣಪ್ಪ. ಕೂಗಿದ್ರೆ ಏಳ್ತಿದ್ನಲ್ಲ ಅವನು... ಎದ್ದಾನೇನೋ ಅಂತ ಕೂಗ್ದೆ." ಆಮೇಲೆ ಅಪ್ಪನ ತಲೆಯ ಮೇಲೆ ಕೈಯಿಟ್ಟಳು. "ಏಳು ಮಗ. ನೀನಾದ್ರೂ ಏಳು."

ಅಪ್ಪನಿಗೆ ಏಳಲು ಬಹಳ ಹೊತ್ತು ಹಿಡಿಯಿತು. ರಾಜನಿಗೆ ಹುಚ್ಚು ಹಿಡಿಯುವ ಅಂಕವನ್ನು ಅವತ್ತು ಆಡಲಿಲ್ಲ, ನಮ್ಮ ಊರಿನಲ್ಲಿ ಮತ್ತೆಂದೂ ಆಡಲಿಲ್ಲ. ಅಜ್ಜಿ ಅಪ್ಪನೊಂದಿಗೆ ಮಾತಾಡತೊಡಗಿದಳು. ಆದರೆ ಬರಬರುತ್ತ ಅವನನ್ನೇ ನಂಜುಂಡ ಎಂದು ಕರೆಯುತ್ತಿದ್ದಳು. ಮುದುಕಿಗೆ ತಲೆ ಕೆಟ್ಟಿದೆ ಎಂದರು ಜನ. ಅಪ್ಪ ಒಂದು ಸಲವೂ ತಿದ್ದಲಿಲ್ಲ. ಅಂಗಡಿಯಲ್ಲಿ ಎಷ್ಟೇ ಗಿರಾಕಿಗಳಿದ್ದರೂ "ಬಂದೆ ಅವ್ವಾ" ಎಂದು ಎದ್ದು ಹೋಗುತ್ತಿದ್ದ, ಅವಳು ಇರುವವರೆಗೂ.

ಈಗ ಆ ಮೈದಾನದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಅವರೆಕಾಯಿ ವರ್ಷವಿಡೀ ಸಿಗುತ್ತದೆ, ಮೂಗಿಗೆ ಹಿಡಿದರೂ ಸೊಗಡು ಮಾತ್ರ ಇಲ್ಲ. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಮೊನ್ನೆ ಮಗಳು ನನ್ನನ್ನು ಒಂದು ನಾಟಕಕ್ಕೆ ಕರೆದುಕೊಂಡು ಹೋಗಿದ್ದಳು. ಎ.ಸಿ. ಹಾಲು, ಎಲ್ಲರ ಫೋನೂ ಸೈಲೆಂಟು. ಒಬ್ಬ ಹುಡುಗ ಕತ್ತಿಯೇಟು ತಿಂದು ಚೆನ್ನಾಗಿಯೇ ಸತ್ತ. ಜನ ಸುಮ್ಮನೆ ಕೂತಿದ್ದರು. ನನ್ನ ಗಂಟಲಿಗೆ ಅಜ್ಜಿಯ ಕೂಗು ಬಂದು ನಿಂತಿತು.

"ಏನಾಯ್ತಮ್ಮ?" ಎಂದಳು ಮಗಳು, ಪಿಸುದನಿಯಲ್ಲಿ.

ಏನಿಲ್ಲ ಎಂದು ಕಣ್ಣೊರೆಸಿಕೊಂಡೆ. ಕೂಗಿದರೆ ಏಳಬೇಕೆಂದು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಾರರು.