ತಲೆಕೆಳಗಾದ ಪಾಚಿ

ನನ್ನ ಹೆಂಡತಿ ಏನು ಕೆಲಸ ಮಾಡುತ್ತಾಳೆಂದು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಯಾರಾದರೂ ಕೇಳಿದರೆ, "ಸಮುದ್ರದ ಪೈಪಿಗೆ ಪಾಚಿ ಬಳೀತಾಳೆ" ಎನ್ನುತ್ತಿದ್ದೆ. ಅವಳೂ ನಗುತ್ತಿದ್ದಳು. ಮಾತು ಪೂರ್ತಿ ಸುಳ್ಳೇನಲ್ಲ. ಸಮುದ್ರದ ತಳದಿಂದ ಎಣ್ಣೆ ಮೇಲೆ ತರುವ ಪೈಪಿನ ಮೈಗೆ ಪಾಚಿ, ಚಿಪ್ಪು, ಏನೇನೋ ಜೀವಗಳು ವರ್ಷಗಟ್ಟಲೆ ಅಂಟಿಕೊಂಡು ಬೆಳೆಯುತ್ತವೆ. ಪೈಪು ದಪ್ಪವಾದಷ್ಟೂ ಅಲೆಯ ಹೊಡೆತ ಹೆಚ್ಚು. ಯಾವ ಆಳದಲ್ಲಿ ಎಷ್ಟು ದಪ್ಪ ಬೆಳೆದಿದೆ ಎಂಬುದನ್ನು ಅವಳು ಸಾಫ್ಟ್‌ವೇರಿಗೆ ತುಂಬಿ, ಪೈಪು ತಡೆದೀತೇ ಎಂದು ನೋಡುತ್ತಾಳೆ. ಕಂಪನಿ ಬೆಂಗಳೂರಿನಲ್ಲಿ, ಪೈಪು ಪಶ್ಚಿಮದ ಸಮುದ್ರದಲ್ಲಿ, ಇವಳು ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ. ಪಕ್ಕದ ಅಟ್ಟದಲ್ಲಿ ಕೊಬ್ಬರಿಗೆಂದು ಒಣಗಲು ಬಿಟ್ಟ ನನ್ನ ಕಾಯಿ.

ಆ ವರ್ಷ ಅವಳಿಗೆ ಟೀಮ್ ಲೀಡರ್ ಆಗುವ ಯೋಗ ಬಂದಿತ್ತು. ಆಫೀಸಿಗೆ ಹೋಗದೆ ಊರಿನಲ್ಲಿ ಕೂತವರಿಗೆ ಅಂಥ ಹುದ್ದೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. "ಈ ಕೆಲಸ ನೀಟಾಗಿ ಮುಗಿದ್ರೆ ನಾನೇ ಮೇಲಿನವರ ಹತ್ರ ಮಾತಾಡ್ತೀನಿ" ಎಂದಿದ್ದರು ಅವಳ ಮೇಲಧಿಕಾರಿ. ಕೆಲಸ ನೀಟಾಗಿಯೇ ಮುಗಿಯಿತು. ಇಬ್ಬರು ಪರಿಶೀಲಿಸಿ ಭೇಷ್ ಎಂದರು. ಎಣ್ಣೆ ತೆಗೆಯಲು ಸಮುದ್ರದ ನಡುವೆ ನಿಲ್ಲಿಸಿದ ಪ್ಲಾಟ್‌ಫಾರ್ಮಿನ ಕಾಲಿಗೆ ಪೈಪನ್ನು ಹಿಡಿದಿಡುವ ಕಬ್ಬಿಣದ ಕ್ಲಾಂಪುಗಳನ್ನು ಅವಳ ಲೆಕ್ಕದ ಪ್ರಕಾರವೇ ತಯಾರಿಸಲು ಹೊರಟರು.

ಅಷ್ಟರಲ್ಲಿ ಬೇಲೂರಿನಲ್ಲಿ ನನ್ನ ತಂಗಿಯ ಮಗಳ ನಿಶ್ಚಿತಾರ್ಥ ಬಂತು. ತಾಂಬೂಲ ಬದಲಾಯಿಸುವಾಗ ಸೋದರಮಾವ ಇರಲೇಬೇಕು. ದಾರಿಯಲ್ಲೇ ಜಾವಗಲ್ಲಿನ ನಮ್ಮ ತೋಟದಲ್ಲಿ ಐದು ನಿಮಿಷ ಇಳಿದೆವು. ತೆರೆದ ಬಾವಿಯ ಮೋಟರು ಕೆಟ್ಟು, ಪೈಪನ್ನು ಮೇಲೆಳೆದು ದಡದ ಮೇಲೆ ಉದ್ದಕ್ಕೆ ಮಲಗಿಸಿದ್ದರು. "ನಾಳೆ ಒಳಗೆ ಬಿಡ್ತೀವಿ ಕಣಣ್ಣ, ವಾಷರ್ ಬರ್ಬೇಕೈತೆ" ಎಂದ ತೋಟ ನೋಡಿಕೊಳ್ಳುವವನು. ನಾನು ಗಾಡಿ ಹತ್ತಿದೆ. ಅವಳು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಪೈಪಿನ ಮುಂದೆಯೇ ನಿಂತಿದ್ದಳು. ನೀರಿನ ಮೇಲ್ಮಟ್ಟದ ಹತ್ತಿರವಿದ್ದ ಭಾಗಕ್ಕೆ ಹಸಿರು ಲೋಳೆ ದಪ್ಪಗೆ ಕೂತಿತ್ತು. ತಳದ ಕಡೆ ಪೈಪು ನುಣ್ಣಗೆ ಖಾಲಿ.

"ಬಾರೇ, ಪಾಚಿ ನಿಂಗೇನು ಹೊಸದಾ?" ಎಂದು ರೇಗಿದೆ.

"ನಾನು ಸೊನ್ನೆ ಎಲ್ಲಿಟ್ಟೆ?" ಎಂದಳು, ನನಗಲ್ಲ, ತನಗೇ.

ಗಾಡಿಯಲ್ಲಿ ಕೂತವಳೇ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ಕಾಲಬಳಿ ಹೂವಿನ ಬುಟ್ಟಿ, ಹಣ್ಣಿನ ತಟ್ಟೆ. ಆಗ ಅವಳು ವಿವರಿಸಿದ್ದು ಇಷ್ಟು: ಸಮುದ್ರಕ್ಕಿಳಿದು ಪಾಚಿ ಅಳೆದು ಬಂದ ಡೈವರ್‌ಗಳು ನೀರಿನ ಮೇಲ್ಮಟ್ಟವನ್ನು ಸೊನ್ನೆಯೆಂದಿಟ್ಟು ಆಳವನ್ನು ಕೆಳಕ್ಕೆ ಎಣಿಸಿದ್ದರು. ಆ ಸಾಫ್ಟ್‌ವೇರಿಗೆ ಸೊನ್ನೆಯೆಂದರೆ ತಳ; ಅದು ಅಲ್ಲಿಂದ ಮೇಲಕ್ಕೆ ಎಣಿಸುತ್ತದೆ. ಇವಳು ಅವರ ಅಂಕಿಗಳನ್ನು ಹಾಗೆಯೇ ತುಂಬಿಬಿಟ್ಟಿದ್ದಳು. ಬಿಸಿಲು ತಾಗುವ ಕಡೆ ಬೆಳೆದ ದಪ್ಪ ಪಾಚಿಯೆಲ್ಲ ಲೆಕ್ಕದಲ್ಲಿ ತಳಕ್ಕಿಳಿದಿತ್ತು. ಅಲೆ ಜೋರಾಗಿ ಬಡಿಯುವುದೇ ಮೇಲ್ಗಡೆ. ಅಲ್ಲಿ ಪೈಪು ಬೋಳಾಗಿದೆಯೆಂದು ನಂಬಿ ಕ್ಲಾಂಪಿನ ಲೆಕ್ಕ ಹಾಕಿದ್ದಾಗಿತ್ತು.

ಹಳೇಬೀಡಿಗೆ ಬರುವಷ್ಟರಲ್ಲಿ ಅಂಕಿಗಳನ್ನು ತಿರುಗಿಸಿ ಹೊಸ ಲೆಕ್ಕ ತೆಗೆದಿದ್ದಳು. "ಮೇಲಿನ ಕ್ಲಾಂಪ್ ತಡೆಯಲ್ಲ. ಗಾಡಿ ನಿಲ್ಸಿ" ಎಂದಳು. ಪ್ರವಾಸಿಗರ ಬಸ್ಸುಗಳ ನಡುವೆ ಜಾಗ ಹುಡುಕಿ ನಿಲ್ಲಿಸಿದೆ. ಅತ್ತ ತಂಗಿ, "ಎಲ್ಲಿದೀಯಣ್ಣಾ, ಪುರೋಹಿತರು ಕಾಯ್ತವ್ರೆ" ಎಂದು ಫೋನಿನ ಮೇಲೆ ಫೋನು. ನನ್ನ ಪಿತ್ತ ನೆತ್ತಿಗೇರಿತ್ತು.

"ಸೋಮವಾರ ಹೇಳಿದ್ರೆ ಸಮುದ್ರ ಬತ್ತೋಗುತ್ತಾ?"

"ಆ ಪ್ಲಾಟ್‌ಫಾರ್ಮ್ ಮೇಲೆ ಜನ ಮಲಗ್ತಾರೆ ಕಣ್ರೀ" ಎಂದು ಮೇಲಧಿಕಾರಿಗೆ ಫೋನ್ ಹಚ್ಚಿದಳು.

ಗಾಡಿಯೊಳಗೆ ಅವರ ಮಾತು ನನಗೂ ಕೇಳುತ್ತಿತ್ತು. ತಪ್ಪು ಹಿಡಿದದ್ದು ಯಾರು ಎಂದರು. "ನಾನೇ ಸರ್. ಮಾಡಿದ್ದೂ ನಾನೇ" ಎಂದಳು. ಪರಿಶೀಲಿಸಿದ ಇಬ್ಬರ ಹೆಸರನ್ನು ಅವಳು ಎತ್ತಲೇ ಇಲ್ಲ. ಆಮೇಲೆ, "ನಿಮ್ಮ ಲೀಡರ್ ವಿಷಯ ಇನ್ನು ಮೇಲಿನವರ ಹತ್ರ ಎತ್ತೋಕಾಗಲ್ಲ, ಗೊತ್ತಲ್ಲ?" ಎಂದರು.

"ಅದು ಬಿಡಿ ಸರ್. ಮೊದಲು ಕ್ಲಾಂಪ್ ನಿಲ್ಲಿಸಿ."

ಮದುವೆಯಾಗಿ ಇಷ್ಟು ವರ್ಷವಾದರೂ ಎಂಥವಳ ಜೊತೆ ಬಾಳುತ್ತಿದ್ದೇನೆಂದು ನನಗೆ ಸರಿಯಾಗಿ ಗೊತ್ತಾದದ್ದು ಅವತ್ತೇ. ಹೆಮ್ಮೆಯಾಯಿತು. ಬೇಲೂರಿಗೆ ತಡವಾಗಿ ತಲುಪಿ ಬೈಸಿಕೊಂಡೆವು; ತಾಂಬೂಲಕ್ಕೆ ಮಾತ್ರ ಹೇಗೋ ಸಿಕ್ಕಿದೆವು.

ಕೆಲವು ತಿಂಗಳಾದ ಮೇಲೆ ಆ ಹುದ್ದೆ ಬೇರೊಬ್ಬರಿಗೆ ಹೋಯಿತು. ಅವರಿಗೆ ಶುಭಾಶಯ ಹೇಳಿ, ಹೊಸ ಕ್ಲಾಂಪುಗಳ ವಿಚಾರ ಕೇಳಿದಳು. ಕ್ಲಾಂಪುಗಳನ್ನು ಪೈಪಿಗೆ ಕೂರಿಸಿದ ಮೇಲೆ ತೆಗೆದ ಫೋಟೋವನ್ನು ಅವರು ಕಳಿಸಿದರು. ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, "ಗಟ್ಟಿಯಾಗಿದೆ" ಎಂದು ನನಗೂ ತೋರಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಮರೆಮಾಚಲಿಲ್ಲ. "ಬೇಕಾಗಿತ್ತು ಕಣ್ರೀ ನಂಗೆ" ಎಂದಳು.

"ಅವತ್ತಿನ ದಿನ ಮತ್ತೆ ಬಂದ್ರೆ ಏನ್ಮಾಡ್ತೀಯ?" ಎಂದು ಕೇಳಿಬಿಟ್ಟೆ.

ಸೆರಗಿನಿಂದ ಮೂಗೊರೆಸಿಕೊಂಡಳು. "ಹಳೇಬೀಡಿನ ತನಕ ಕಾಯ್ತಿರ್ಲಿಲ್ಲ. ಜಾವಗಲ್ಲಲ್ಲೇ ಫೋನ್ ಮಾಡ್ತಿದ್ದೆ."