ಕುಕ್ಕಪ್ಪ ಮೇಸ್ತ್ರಿಯ ಮೊದಲ ಗುಮ್ಮಟ

ಬಿರುಕು ಮೊದಲು ಕಂಡದ್ದು ಪೂವಮ್ಮನ ಕಣ್ಣಿಗೆ. ಅರವತ್ತಮೂರನೆಯ ಇಸವಿ, ಮಾರ್ಚ್ ಕೊನೆಯ ಬುಧವಾರ. ಹೊಸ ಮಖಾಮಿನ ಪಡುಗೋಡೆಗೆ ಸುಣ್ಣ ಬಳಿಯಲು ಅವಳು ಏಣಿ ಹತ್ತಿದ್ದಳು. ಗುಮ್ಮಟ ಕೂತ ಜಾಗದಿಂದ ಒಂದು ಮೊಳ ಕೆಳಗೆ, ಗಾರೆಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ. ಬೇರೆ ಯಾರಾದರೂ ಆಗಿದ್ದರೆ ಎರಡು ಸಲ ಕುಂಚ ಎಳೆದು ಮುಚ್ಚಿಬಿಡುತ್ತಿದ್ದರು. ಅವಳು ಉಗುರು ತೂರಿಸಿ ನೋಡಿದಳು. ಉಗುರು ಒಳಗೆ ಹೋಯಿತು. ಕೆಳಗಿಳಿದು ಗಂಡನನ್ನು ಬದಿಗೆ ಕರೆದಳು.

ಗಂಡ ಎಂದರೆ ಕುಕ್ಕಪ್ಪ ಮೇಸ್ತ್ರಿ, ಆ ಮಖಾಮನ್ನು ಕಟ್ಟುತ್ತಿದ್ದವನು. ಐವರ್ನಾಡಿನ ಗೌಡರ ಮನೆಯವನು. ಅಣ್ಣತಮ್ಮಂದಿರೆಲ್ಲ ಹಾರೆ ಹಿಡಿದರೆ ಇವನೊಬ್ಬ ಕರಣೆ ಹಿಡಿದ. ಮುರಕಲ್ಲಿನ ಗೋಡೆ ಏರಿಸುವುದರಲ್ಲಿ ಅವನನ್ನು ಸರಿಗಟ್ಟುವವರು ಸುಳ್ಯದಿಂದ ಪುತ್ತೂರಿನವರೆಗೆ ಇರಲಿಲ್ಲ. ಇದನ್ನು ನಾನು ಹೇಳಬೇಕಾಗಿಯೇ ಇರಲಿಲ್ಲ, ಅವನೇ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದ. ಅಂಥ ಹಠಮಾರಿಯನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ. ಗೋಡೆಯ ನೇರ ನೋಡುವ ನೂಲುಗುಂಡು ಸಹ ಬೇರೆಯವರದ್ದು ಅವನಿಗೆ ಆಗುತ್ತಿರಲಿಲ್ಲ. ಅದು ಓರೆಯಾಗಿ ತೂಗುತ್ತದಂತೆ!

ನಾನು ಪರಮೇಶ್ವರ, ಬೆಟ್ಟಂಪಾಡಿಯವನು. ಐವರ್ನಾಡಿನ ಹತ್ತಿರ ಶಾಲೆ ಮಾಷ್ಟ್ರನಾಗಿದ್ದೆ. ಕುಕ್ಕಪ್ಪನಿಗೆ ಅಂಕೆ ಗೊತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅವನ ಅಳತೆಗಳನ್ನು ಪುಸ್ತಕದಲ್ಲಿ ಬರೆದಿಡುವ ಕೆಲಸ ನನ್ನದು. ಹಾಗಾಗಿ ಈ ಕಥೆಯಲ್ಲಿ ನನ್ನ ತಪ್ಪೂ ಉಂಟು, ಅದನ್ನು ಮುಚ್ಚಿಟ್ಟು ಹೇಳಿದರೆ ಕಥೆ ಸರಿಹೋಗುವುದಿಲ್ಲ.

ಮಖಾಂ ಎಂದರೆ ಗೋರಿಯ ಮನೆ. ಬಹಳ ಹಿಂದೆ ಘಟ್ಟ ಇಳಿದು ಬಂದು ನಮ್ಮ ಹೊಳೆಬದಿಯಲ್ಲಿ ತೀರಿಕೊಂಡ ಒಬ್ಬ ತಂಙಳರ, ಅಂದರೆ ಮುಸ್ಲಿಂ ಸಂತರ, ಗೋರಿ ಅದು. ಮಕ್ಕಳಿಗೆ ಜ್ವರ ಬಂದರೆ ಬ್ಯಾರಿಗಳಷ್ಟೇ ಅಲ್ಲ, ಗೌಡರೂ ಅಲ್ಲಿಗೆ ಎಣ್ಣೆ ಹರಕೆ ಹೇಳುತ್ತಿದ್ದರು. ಮೇಲೆ ಇದ್ದದ್ದು ಹಂಚಿನ ಮಾಡು. ನಮ್ಮ ಊರಿನಲ್ಲಿ ದೇವಸ್ಥಾನವಾಗಲಿ ಮಸೀದಿಯಾಗಲಿ, ಮಾಡು ಎಂದರೆ ಇಳಿಜಾರು. ನಾಲ್ಕು ತಿಂಗಳ ಮಳೆಯ ಮುಂದೆ ಯಾವ ಧರ್ಮದ ಮಾಡೂ ಬೇರೆ ರೂಪ ತಾಳುವ ಧೈರ್ಯ ಮಾಡಿರಲಿಲ್ಲ. ಆದರೆ ಮಸೀದಿಯ ಹಿರಿಯರಾದ ಆದಂ ಕುಂಞಿ ಸಾವುಕಾರರು ಬೊಂಬಾಯಿ ಕಂಡವರು. ಅಲ್ಲಿಯ ಗುಮ್ಮಟಗಳು ಅವರ ಕಣ್ಣಲ್ಲಿ ಕೂತುಬಿಟ್ಟಿದ್ದವು. ತಂಙಳರ ತಲೆಯ ಮೇಲೆ ಒಂದು ಗುಮ್ಮಟ ಆಗಲೇಬೇಕು ಎಂದು ಹಠ ಹಿಡಿದರು, ಅದನ್ನು ಕುಕ್ಕಪ್ಪನೇ ಕಟ್ಟಬೇಕು ಎಂದೂ ಹಠ ಹಿಡಿದರು.

ಮಸೀದಿಯ ಕಮಿಟಿಯಲ್ಲಿ ಅದಕ್ಕೆ ಅಡ್ಡ ಬಂದವರು ಸಾಹುಲ್ ಹಮೀದ್. ಬಾಯಿ ಸ್ವಲ್ಪ ಕಹಿ, ಆದರೆ ಸುಳ್ಳಾಡುವ ಮನುಷ್ಯ ಅಲ್ಲ.

"ಇವನು ಜನ್ಮದಲ್ಲಿ ಗುಮ್ಮಟ ಕಟ್ಟಿದ್ದುಂಟಾ? ಕಾಸರಗೋಡಿನಿಂದ ಕಟ್ಟಿ ಗೊತ್ತಿದ್ದವರನ್ನು ಕರೆಸುವ," ಎಂದರು.

"ನನ್ನ ಮನೆ ಕಟ್ಟಿದ್ದು ಇವನು. ಇಪ್ಪತ್ತು ಮಳೆ ಆಯ್ತು, ಒಂದು ಹನಿ ಒಳಗೆ ಬರ್ಲಿಲ್ಲ. ಹೆಚ್ಚುಕಮ್ಮಿ ಆದ್ರೆ ಕೇಳಿ, ನಾನಿದ್ದೇನೆ," ಎಂದು ಆದಂ ಕುಂಞಿಯವರು ಎಲ್ಲರ ಎದುರು ಮಾತು ಕೊಟ್ಟರು.

ಕುಕ್ಕಪ್ಪ ಗುಮ್ಮಟ ಕಟ್ಟುವುದಿರಲಿ, ಹತ್ತಿರದಿಂದ ಕಂಡದ್ದೂ ಇರಲಿಲ್ಲ. ಹಿಂದಿನ ದೀಪಾವಳಿ ರಜೆಯಲ್ಲಿ, ಊರಿಗೆ ಊರೇ ಚೀನಾದ ಯುದ್ಧದ ಮಾತಾಡುತ್ತಿದ್ದಾಗ, ನಾವಿಬ್ಬರು ಸಂಪಾಜೆ ಘಟ್ಟ ಹತ್ತಿ ಮಡಿಕೇರಿಗೆ ಹೋದೆವು, ಕೊಡಗಿನ ರಾಜರ ಗದ್ದಿಗೆ, ಅಂದರೆ ಅವರ ಸಮಾಧಿ, ನೋಡಲು. ರಾಜರು ಲಿಂಗಾಯತರು, ಒಳಗೆ ಲಿಂಗಪೂಜೆ, ಮೇಲೆ ಬಿಜಾಪುರದ ಸುಲ್ತಾನರಿಗೆ ಒಪ್ಪುವಂಥ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರಗಳು, ಮೇಲೆ ಕಲ್ಲಿನ ಬಸವ. ಕುಕ್ಕಪ್ಪ ಹುಚ್ಚು ಹಿಡಿದವನ ಹಾಗೆ ಹಗ್ಗ ಹಿಡಿದು ಸುತ್ತಿದ. ಅಗಲ ಇಷ್ಟು, ಎತ್ತರ ಇಷ್ಟು, ಬಾಗು ಇಷ್ಟು ಎಂದು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ.

"ಈ ಮೂಲೆಯ ಗೋಪುರ ಯಾಕೆ ಮೇಸ್ತ್ರಿ?" ಎಂದು ಕೇಳಿದೆ.

"ಚಂದಕ್ಕೆ. ಅರಸರಲ್ವಾ, ಚಂದ ಬೇಕು. ನಮ್ಮ ಮಳೆಗೆ ಅದು ಬೇಡ, ಬುಡದಲ್ಲಿ ನೀರು ನಿಲ್ತದೆ."

ಗೋಡೆಯ ದಪ್ಪ ಅವನೂ ಅಳೆಯಲಿಲ್ಲ, ನಾನೂ ಕೇಳಲಿಲ್ಲ. ಗೋಳಗುಮ್ಮಟದ ಗೋಡೆ ಹತ್ತಡಿ ದಪ್ಪ ಎಂದು ವರ್ಷಕ್ಕೊಮ್ಮೆ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ಮಹಾಶಯ ನಾನು. ಯಾಕೆ ಹತ್ತಡಿ ಎಂದು ಒಂದು ದಿನವೂ ತಲೆಗೆ ಬಂದದ್ದಿಲ್ಲ. ಹಂಚಿನ ಮಾಡು ಗೋಡೆಯ ಮೇಲೆ ಸುಮ್ಮನೆ ಕೂರುತ್ತದೆ, ಭಾರ ನೇರ ಕೆಳಗೆ ಇಳಿಯುತ್ತದೆ. ಗುಮ್ಮಟ ಹಾಗಲ್ಲ. ಅದು ಕಾಲು ಚಾಚಿ ಕೂತ ಮನುಷ್ಯನ ಹಾಗೆ ಗೋಡೆಯನ್ನು ಹೊರಗೆ ಒತ್ತುತ್ತದೆ. ಒತ್ತುವುದನ್ನು ತಡೆಯಲು ದಪ್ಪ ಗೋಡೆ ಬೇಕು, ಮೂಲೆಗಳಿಗೆ ಮೇಲಿಂದ ಭಾರ ಬೇಕು. ರಾಜರ ಗೋಪುರಗಳು ಆ ಭಾರ. ಮಳೆಯನ್ನು ಬಿಟ್ಟು ಬೇರೆ ಶತ್ರುವನ್ನೇ ಕಾಣದ ನಮ್ಮ ಮೇಸ್ತ್ರಿ ಗೋಪುರ ಬಿಟ್ಟ. ಮನೆಗೆ ಕಟ್ಟುವಂತೆ ಒಂದೇ ಕಲ್ಲಿನ ದಪ್ಪಕ್ಕೆ ಗೋಡೆ ಕಟ್ಟಿದ. ಅದರ ಮೇಲೆ ಇಟ್ಟಿಗೆಯ ಗುಮ್ಮಟ ಕೂರಿಸಿದ.

ಸುಣ್ಣ ಅರೆದವಳು ಪೂವಮ್ಮ. ಮರುವಾಯಿ ಚಿಪ್ಪಿನ ಸುಣ್ಣಕ್ಕೆ ಬೆಲ್ಲದ ನೀರು ಹಾಕಿ, ಮೂರು ತಿಂಗಳು ಅವಳೂ ಇನ್ನಿಬ್ಬರು ಹೆಂಗಸರೂ ಬಡಿದೇ ಬಡಿದರು. ಗುಮ್ಮಟದ ಅಡಿಗೆ ಅಡಕೆ ಮರದ ಕಂಬಗಳ ಆಧಾರ, ಪ್ರತಿ ಕಂಬದ ಬುಡಕ್ಕೆ ಎರಡು ಮರದ ಬೆಣೆ. ಗಾರೆ ಗಟ್ಟಿಯಾದ ಮೇಲೆ ಬೆಣೆ ಹೊಡೆದು ತೆಗೆದರೆ ಕಂಬ ಸಡಿಲವಾಗುತ್ತದೆ, ಗುಮ್ಮಟ ತನ್ನ ಕಾಲ ಮೇಲೆ ನಿಲ್ಲುತ್ತದೆ. ಆ ದಿನ ಶುಕ್ರವಾರಕ್ಕೆ ನಿಶ್ಚಯವಾಗಿತ್ತು. ಅದರ ಮುಂದಿನ ವಾರ ಉರೂಸು; ಸಾವಿರ ಜನ ಸೇರುತ್ತಾರೆ, ಹೆಂಗಸರು ಮಕ್ಕಳು ಒಳಗೆ ಹೋಗಿ ಗೋರಿಗೆ ಕೈಮುಗಿಯುತ್ತಾರೆ.

ಕುಕ್ಕಪ್ಪ ಏಣಿ ಹತ್ತಿ ಬಿರುಕು ನೋಡಿದ. ಬೊಟ್ಟಿನಲ್ಲಿ ಸ್ವಲ್ಪ ಗಾರೆ ತೆಗೆದು, ಬಿರುಕಿಗೆ ಅಡ್ಡವಾಗಿ ದೋಸೆಯಷ್ಟು ತೆಳ್ಳಗೆ ಮೆತ್ತಿದ. ಗೋಡೆ ಅಲ್ಲಾಡದಿದ್ದರೆ ಅದು ಹಾಗೇ ಒಣಗುತ್ತದೆ. ಗುರುವಾರ ಶಾಲೆ ಬಿಟ್ಟ ಮೇಲೆ ನಾನು ಹೋಗಿ ನೋಡಿದೆ. ಮೆತ್ತಿದ್ದು ನಡುವೆ ಸರಿಯಾಗಿ ಸೀಳಿತ್ತು. ಬಿಸಿಲಿಗೆ ಅಡಕೆ ಕಂಬಗಳು ಒಣಗಿ ಕುಗ್ಗಿದ್ದವು, ಗುಮ್ಮಟದ ಭಾರ ಆಗಲೇ ಗೋಡೆಗೆ ಇಳಿಯತೊಡಗಿತ್ತು.

"ಸಾವುಕಾರರಿಗೆ ಹೇಳು," ಎಂದೆ.

"ಎಂತ ಹೇಳುದು ಮಾಷ್ಟ್ರೆ? ನಿಮ್ಮ ಮಾತು ನಾನು ಮಣ್ಣು ಮಾಡಿದೆ ಅಂತ ಹೇಳುದಾ?"

"ಜೀವಕ್ಕಿಂತ ಮಾತು ದೊಡ್ಡದಾ?"

"ನಿಲ್ತದೆ. ಗಾರೆ ಗಟ್ಟಿ ಉಂಟು. ನಿಲ್ಲದಿದ್ರೆ ಅಡಿಯಲ್ಲಿ ಇರುದು ನಾನೊಬ್ಬನೇ. ಬೇರೆ ಯಾರಿಗೂ ಎಂತದೂ ಆಗುದಿಲ್ಲ."

ಅವನು ಯಾವ ಧೈರ್ಯದಿಂದ ಹಾಗೆ ಹೇಳಿದನೆಂದು ನನಗೆ ತಿಳಿಯಿತು, ಮೈ ಉರಿಯಿತು. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿಯ ಕಡೆಯವರಲ್ಲಿ ಒಂದು ಪದ್ಧತಿ ಇತ್ತು. ಕಮಾನಿನ ಆಧಾರ ತೆಗೆಯುವಾಗ ಕಟ್ಟಿದವನು ಅದರ ಅಡಿಯಲ್ಲಿ ನಿಲ್ಲಬೇಕು. ತನ್ನ ಕೆಲಸದ ಮೇಲೆ ತನಗೆ ನಂಬಿಕೆ ಇದೆ ಎಂದು ಊರಿಗೆ ತೋರಿಸುವುದು. ಕುಕ್ಕಪ್ಪ ಆ ಪದ್ಧತಿಯ ಹಿಂದೆ ಅಡಗಿ ಕೂತಿದ್ದ. ನಿಂತರೆ ಹೆಸರು ಉಳಿಯಿತು, ಬಿದ್ದರೆ ಕೇಳಲು ಅವನೇ ಇರುವುದಿಲ್ಲ! ಉರೂಸಿನ ದಿನ ಬಿದ್ದರೆ ಎಂಬುದನ್ನು ಅವನು ಯೋಚಿಸಲೇ ಇಲ್ಲ, ಅಥವಾ ಯೋಚಿಸಲು ಹೆದರಿದ. ಬಾಯಿಗೆ ಬಂದಂತೆ ಬೈದೆ. ಅವನು ಕೇಳಿಸಿಕೊಂಡು, ಕರಣೆ ತೊಳೆದಿಟ್ಟು, ಮನೆಗೆ ಹೋದ.

ನಾನು ಅದೇ ಸಂಜೆ ಆದಂ ಕುಂಞಿಯವರ ಅಂಗಡಿಗೆ ಹೋದೆ. ಹೇಳಲೆಂದೇ ಹೋದೆ. ಜಗಲಿಯಲ್ಲಿ ಹತ್ತು ಜನ ಕೂತಿದ್ದರು, ಸಾಹುಲ್ ಹಮೀದರೂ ಇದ್ದರು. "ಬನ್ನಿ ಮಾಷ್ಟ್ರೆ, ನಾಳೆ ನಮ್ಮ ಗುಮ್ಮಟ ನೋಡ್ಲಿಕ್ಕೆ ರಜೆ ಹಾಕ್ತೀರಲ್ಲ?" ಎಂದು ಸಾವುಕಾರರು ಮದುವೆ ಮನೆಯ ಯಜಮಾನನ ಸಂಭ್ರಮದಲ್ಲಿ ಕೇಳಿದರು. "ಹಾಕ್ತೇನೆ," ಎಂದೆ. ಒಂದು ಕಟ್ಟು ಬೀಡಿ ತೆಗೆದುಕೊಂಡು ವಾಪಸು ಬಂದೆ. ಬೀಡಿ ಸೇದುವ ಅಭ್ಯಾಸವೇ ನನಗಿಲ್ಲ. ಕುಕ್ಕಪ್ಪನನ್ನು ಹೇಡಿ ಎಂದು ಬೈದು ಎರಡು ಗಂಟೆಯೂ ಆಗಿರಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಜನ ಮಖಾಮಿನ ಅಂಗಳಕ್ಕೆ ಬಂದರು. ಗೌಡರ ಮನೆಗಳಿಂದಲೂ ಬಂದಿದ್ದರು. ಒಳಗೆ ಹನ್ನೆರಡು ಕಂಬ. ಹೊರಗಿನ ನಾಲ್ಕು ಸಡಿಲ ಮಾಡಿ, ಆಮೇಲೆ ನಡುವಿನವು. ಬೆಣೆ ಹೊಡೆಯುವವರು ಇಬ್ಬರೇ. ಪ್ರತಿ ಬೆಣೆಗೆ ಉದ್ದ ಹಗ್ಗ ಕಟ್ಟಿ, ಹೊಡೆದು ಸಡಿಲವಾದ ಮೇಲೆ ಅವರೂ ಹೊರಗೆ ಬಂದು, ಬಾಗಿಲ ಹೊರಗೆ ನಿಂತು ಎಳೆಯುವುದು. ಕುಕ್ಕಪ್ಪ ಬಿಳಿ ಪಂಚೆ ಉಟ್ಟು, ಚಪ್ಪಲಿ ಕಳಚಿ ಒಳಗೆ ಹೋದ. ಗೋರಿಯ ತಲೆಯ ಕಡೆ ಗೋಡೆಗೆ ಒರಗದೆ ನಿಂತ. ಆದಂ ಕುಂಞಿಯವರು ಬಾಗಿಲಲ್ಲಿ ನಿಂತು ಬಿಸ್ಮಿಲ್ಲಾ ಹೇಳಿದರು.

ಮೊದಲ ಬೆಣೆ ಬಂತು. ಎರಡನೆಯದು ಬಂತು. ನಾನು ಹೊರಗೆ ಪಡುಗೋಡೆಯ ಕೆಳಗೆ ನಿಂತು ತಲೆ ಎತ್ತಿ ಬಿರುಕನ್ನೇ ನೋಡುತ್ತಿದ್ದೆ. ಮೂರನೆಯ ಬೆಣೆಗೆ ಮೇಲಿನಿಂದ ಸ್ವಲ್ಪ ಸುಣ್ಣದ ಪುಡಿ ನನ್ನ ಮುಖದ ಮೇಲೆ ಉದುರಿತು. ನಿಲ್ಲಿಸಿ ಎಂದು ಕೂಗುವ ಬದಲು ಮುಖ ಒರೆಸಿಕೊಂಡೆ. ನಾಲ್ಕನೆಯದು ಬಂದಾಗ ಒಳಗಿನಿಂದ ಒಣ ಕೊಂಬೆ ಮುರಿದಂಥ ಸದ್ದು ಕೇಳಿತು. ಜನ ಎರಡು ಹೆಜ್ಜೆ ಹಿಂದೆ ಸರಿದರು.

ಆಗ ಪೂವಮ್ಮ ಸೆರಗು ಸೊಂಟಕ್ಕೆ ಕಟ್ಟಿ ಬಾಗಿಲ ಕಡೆ ನಡೆದಳು. ಆದಂ ಕುಂಞಿಯವರು ಕೈ ಅಡ್ಡ ಮಾಡಿದರು.

"ಎಲ್ಲಿಗೆ ಪೂವಮ್ಮ? ಬೆಣೆ ತೆಗೀತಾ ಇದ್ದಾರೆ."

"ಗೊತ್ತುಂಟು ಸಾವುಕಾರ್ರೆ. ಕಟ್ಟಿದವರು ಅಡಿಯಲ್ಲಿ ನಿಲ್ಬೇಕಲ್ವಾ? ಈ ಸುಣ್ಣ ಅರೆದವಳು ನಾನು. ನಾನೂ ಕಟ್ಟಿದವಳೇ."

ಅವರ ಕೈಯ ಅಡಿಯಿಂದ ನುಸುಳಿ ಒಳಗೆ ಹೋಗಿ ಗಂಡನ ಪಕ್ಕ ನಿಂತಳು. ನಾನು ಓಡಿ ಬಾಗಿಲಿಗೆ ಬಂದೆ. ಕುಕ್ಕಪ್ಪನ ಮುಖ ಸುಣ್ಣದಷ್ಟೇ ಬೆಳ್ಳಗಾಗಿತ್ತು.

"ಹೊರಗೆ ಹೋಗು," ಎಂದ.

"ನೀವು ಬಂದ್ರೆ ಬರ್ತೇನೆ."

"ಹೋಗು ಅಂದ್ರೆ ಹೋಗಬೇಕು!"

"ಗಟ್ಟಿ ಉಂಟು ಅಂತ ಹೇಳಿದ್ದು ನೀವೇ ಅಲ್ವಾ? ಗಟ್ಟಿ ಇದ್ರೆ ನನಗೆ ಎಂತ ಆಗ್ತದೆ?"

ಅವಳ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ನೆಟ್ಟಗೆ ಮೇಲೆ ಗುಮ್ಮಟವನ್ನು ನೋಡುತ್ತ ನಿಂತಳು. ಹಗ್ಗ ಹಿಡಿದವರು ಐದನೆಯ ಬೆಣೆಯನ್ನು ಎಳೆಯಲು ಮೇಸ್ತ್ರಿಯ ಸನ್ನೆಗೆ ಕಾದರು. ಕುಕ್ಕಪ್ಪ ಹೆಂಡತಿಯನ್ನು ನೋಡಿದ. ಎಷ್ಟು ಹೊತ್ತು ನೋಡಿದನೋ, ನನಗಂತೂ ಒಂದು ಮಳೆಗಾಲ ಕಳೆದ ಹಾಗಾಯಿತು.

"ಎಳೀಬೇಡಿ!" ಎಂದು ಕಿರುಚಿದ. "ಬೆಣೆ ವಾಪಸು ಕೊಡಿ! ಬೇಗ ಕೊಡಿ ಮಾರಾಯ್ರೆ!"

ನಾಲ್ಕು ಬೆಣೆಗಳನ್ನೂ ತಾನೇ ಮತ್ತೆ ಹೊಡೆದು ಕೂರಿಸಿದ. ಅವಸರಕ್ಕೆ ಒಂದು ಪೆಟ್ಟು ಸ್ವಂತ ಬೆರಳ ಮೇಲೆ ಬಿತ್ತು. ಪೂವಮ್ಮನ ರಟ್ಟೆ ಹಿಡಿದು ಹೊರಗೆ ತಂದು, ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಪಡುಗೋಡೆ ಬಿರಿದಿದೆ. ಬುಧವಾರದಿಂದ ನನಗೆ ಗೊತ್ತುಂಟು. ತಪ್ಪು ನನ್ನದು. ಗುಮ್ಮಟ ಕಟ್ಲಿಕ್ಕೆ ನನಗೆ ಗೊತ್ತಿರ್ಲಿಲ್ಲ."

ಆಮೇಲೆ ಎದ್ದ ಗದ್ದಲವನ್ನು ಬರೆಯಲಾರೆ. ತಂಙಳರ ಗೋರಿಗೆ ಅಪಚಾರ ಎಂದರು, ಬೇಕೆಂದೇ ಮಾಡಿದ್ದು ಎಂದೂ ಒಬ್ಬ ಕೂಗಿದ. ನಾನು ನಡುವೆ ನುಗ್ಗಿ, ಅಳತೆ ಬರೆದವನು ನಾನು, ನನಗೂ ಗೊತ್ತಿತ್ತು ಎಂದೆ. ಯಾರೂ ಕಿವಿಗೊಡಲಿಲ್ಲ. ಆದಂ ಕುಂಞಿಯವರು ಕುಕ್ಕಪ್ಪನ ಮುಖವನ್ನೂ ನೋಡದೆ ಮನೆ ಕಡೆ ನಡೆದರು. ಅದು ಎಲ್ಲ ಬೈಗುಳಕ್ಕಿಂತ ಹೆಚ್ಚಾಯಿತು. ಕುಕ್ಕಪ್ಪ ಏಣಿ ಹತ್ತಿದ. ಗುಮ್ಮಟದ ನೆತ್ತಿಯಿಂದ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಜನ ನೋಡುತ್ತಲೇ ನಿಂತಿದ್ದರು. ಕೆಳಗೆ ಇಟ್ಟಿಗೆ ಹಿಡಿದು ಪೇರಿಸಿದವಳು ಪೂವಮ್ಮ. ಆರು ದಿನದಲ್ಲಿ ಗುಮ್ಮಟ ಇರಲಿಲ್ಲ. ಆ ವರ್ಷದ ಉರೂಸು ತೆಂಗಿನ ಗರಿಯ ಚಪ್ಪರದ ಅಡಿಯಲ್ಲಿ ನಡೆಯಿತು.

ಕುಕ್ಕಪ್ಪ ಆ ಮಳೆಗಾಲವಿಡೀ ಅಣ್ಣಂದಿರ ಗದ್ದೆಯಲ್ಲಿ ದುಡಿದ. ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅವನ ಬಾಯಿಬಡಾಯಿ ಸಹ ನಿಂತುಹೋಯಿತು. ಅದನ್ನು ಕೇಳಿ ಕೇಳಿ ಬೇಸತ್ತಿದ್ದ ನನಗೇ ಅದು ಇಲ್ಲದೆ ಸಂಕಟವಾಗುತ್ತಿತ್ತು.

ನವೆಂಬರಿನಲ್ಲಿ ಕಮಿಟಿಯವರು ನನ್ನನ್ನು ಕರೆಸಿದರು. ಕಾಸರಗೋಡಿನ ಒಬ್ಬ ಮೇಸ್ತ್ರಿಗೆ ಕಾಗದ ಬರೆಯಬೇಕಂತೆ. ಆದಂ ಕುಂಞಿಯವರು ತಲೆ ತಗ್ಗಿಸಿ ಕೂತಿದ್ದರು. ಅವರ ಮಾತಿಗೆ ಈಗ ಬೆಲೆ ಇರಲಿಲ್ಲ, ಅವರಿಗೂ ಅದು ಗೊತ್ತಿತ್ತು. ನಾನು ಮನಸ್ಸಿಲ್ಲದ ಮನಸ್ಸಿನಿಂದ ಎರಡು ಸಾಲು ಬರೆದಿದ್ದೆ. ಸಾಹುಲ್ ಹಮೀದರು ಕೈಚಾಚಿ ಕಾಗದ ಎಳೆದುಕೊಂಡರು.

"ಬರೀಬೇಡಿ ಮಾಷ್ಟ್ರೆ."

"ಕಾಸರಗೋಡಿನವನು ಬೇಕು ಅಂತ ಮೊದಲು ಹೇಳಿದ್ದು ನೀವೇ ಅಲ್ವಾ?" ಎಂದು ಯಾರೋ ಕೇಳಿದರು.

"ಹೌದು, ಹೇಳಿದ್ದು ನಾನೇ. ಅವನು ಒಳ್ಳೆ ಕೆಲಸಗಾರನೇ ಇರಬಹುದು. ಆದ್ರೆ ಅವನ ಗೋಡೆ ಬಿರಿದ್ರೆ ಅವನು ನಮಗೆ ಹೇಳ್ತಾನೆ ಅಂತ ಯಾರಿಗೆ ಗೊತ್ತು? ಕುಕ್ಕಪ್ಪ ಹೇಳ್ತಾನೆ, ಅದು ನನಗೆ ಗೊತ್ತುಂಟು. ತಡವಾಗಿ ಹೇಳ್ತಾನೆ, ಆದ್ರೂ ಹೇಳ್ತಾನೆ. ಅವನನ್ನೇ ಕರೀರಿ."

ಆದಂ ಕುಂಞಿಯವರು ತಲೆ ಎತ್ತಿದರು. ನಾನು ಕೊಡೆ ಸಹ ಅಲ್ಲೇ ಮರೆತು ಐವರ್ನಾಡಿಗೆ ನಡೆದೆ. ಕುಕ್ಕಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ. ಹೇಳಿದೆ. ಕತ್ತಿ ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅವನು ಅತ್ತ. ಅಷ್ಟು ವರ್ಷದ ಸ್ನೇಹದಲ್ಲಿ ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಕಣ್ಣೂ ಒದ್ದೆಯಾಯಿತು.

ಪೂವಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅಳುದು ಆಮೇಲೆ ಅಳಿ," ಎಂದಳು. "ಈ ಸಲ ಗೋಡೆ ಎಷ್ಟು ದಪ್ಪ, ಅದನ್ನು ಮೊದಲು ಹೇಳಿ. ಮಾಷ್ಟ್ರು ಬರ್ಕೊಳ್ಳಲಿ."