ಬೆಳಗಿನ ಐದು ಗಂಟೆಯ ಫೋನು

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ಅಜ್ಜಂಪುರದ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಯಾರನ್ನು ಕೇಳಿದರೂ ಹೇಗೂ ಹೇಳುತ್ತಾರೆ, ‘ಇಂಗ್ಲಿಷ್ ಮಿಸ್ಸಾ? ಅಯ್ಯಯ್ಯೋ, ಬಲು ಜೋರು ಕಣ್ರೀ’ ಎಂದು. ಇಷ್ಟು ವರ್ಷಗಳಿಂದ ಮಕ್ಕಳ ತಲೆಗೆ ಅದೇ ‘ಎ’, ‘ಆ್ಯನ್’, ಅದೇ ‘ಈಸ್’, ‘ಆರ್’ ತುಂಬುತ್ತಿದ್ದೇನೆ. ಜೂನ್‌ನಲ್ಲಿ ತುಂಬಿದ್ದು ಜನವರಿಗೆ ಒಂದೂ ಉಳಿದಿರುವುದಿಲ್ಲ. ಬಾಯಿ ಜೋರಾಗದೆ ಇನ್ನೇನಾಗುತ್ತದೆ?

ಜನವರಿ ಬಂತೆಂದರೆ ಹತ್ತನೇ ತರಗತಿಗೆ ಪುನರಾವರ್ತನೆ ಶುರು. ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರಿಗೆ ಇಷ್ಟಿಷ್ಟು ಜನ ಎಂದು ಹಂಚುತ್ತಾರೆ. ಅದಕ್ಕೆ ದತ್ತು ಎಂದೇ ಹೆಸರು. ದತ್ತು ತೆಗೆದುಕೊಂಡವರು ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಆ ಮಕ್ಕಳನ್ನು ಓದಲು ಎಬ್ಬಿಸಬೇಕು. ಉಳಿದವರು ‘ಎದ್ಯೇನೋ’ ಎಂದು ಕೇಳಿ ಇಟ್ಟುಬಿಡುತ್ತಿದ್ದರು. ನಾನು ಬಿಡಬೇಕಲ್ಲ! ಕಡೂರಿನ ನಮ್ಮ ಮನೆಯಲ್ಲಿ ಹಾಲು ಕಾಯಲಿಟ್ಟು, ಒಲೆಯ ಮುಂದೆ ನಿಂತೇ ಒಬ್ಬೊಬ್ಬರಿಗೂ ಐದು ವ್ಯಾಕರಣದ ಪ್ರಶ್ನೆ ಕೇಳುತ್ತಿದ್ದೆ. ಐದಕ್ಕೂ ಉತ್ತರ ಬಂದ ಮೇಲೇ ಫೋನ್ ಇಡುವುದು.

ಆ ವರ್ಷ ನನ್ನ ಪಾಲಿಗೆ ಬಂದವರಲ್ಲಿ ಒಬ್ಬಳು ಹುಡುಗಿಯಿದ್ದಳು. ಉಳಿದೆಲ್ಲ ವಿಷಯಗಳಲ್ಲಿ ಹೇಗೋ ಪಾಸಾಗುತ್ತಿದ್ದಳು, ಇಂಗ್ಲಿಷ್ ಒಂದರಲ್ಲಿ ಡುಮ್ಕಿ. ಮನೆಯಲ್ಲಿ ಅಪ್ಪ, ಅಮ್ಮ, ಅವಳು, ಮೂರೇ ಜನ. ಅಪ್ಪ ಲಾರಿಗೆ ತೆಂಗಿನಕಾಯಿ ತುಂಬುವವನು. ಪಂಚನಹಳ್ಳಿ ಕಡೆ ಹೋದರೆ ಎರಡು ಮೂರು ದಿನ ಬರುತ್ತಿರಲಿಲ್ಲ. ಅಮ್ಮ ಹೊಲದ ಕೂಲಿಗೆ ಹೋಗುವವಳು. ಬೆಳಿಗ್ಗೆ ಆರಕ್ಕೆ ಊರ ಬಾಗಿಲಿಗೆ ಕೂಲಿಯವರ ಗಾಡಿ ಬರುತ್ತಿತ್ತು. ಹೆಂಗಸರನ್ನು ತುಂಬಿಕೊಂಡು ಈರುಳ್ಳಿ ಹೊಲಗಳಿಗೆ ಬಿಟ್ಟು ಬರುತ್ತಿತ್ತು.

ಇದ್ದ ಒಂದೇ ಫೋನು ಆ ಅಮ್ಮನದು. ಮೊದಲ ರಿಂಗಿಗೇ ಎತ್ತುತ್ತಿದ್ದಳು. ‘ಎದ್ದವ್ಳೆ ಮೇಡಂ, ಮುಖ ತೊಳೀತಾವ್ಳೆ’ ಎಂದು ಮಗಳ ಪರವಾಗಿ ಸುಳ್ಳು ಹೇಳುವಳು. ಹಿಂದೆಯೇ ‘ಏಳೇ, ಮೇಡಂ ಬಂದ್ರು ಏಳೇ’ ಎಂಬ ಪಿಸುಮಾತು ನನಗೆ ಕೇಳಿಸುವುದು. ಆಮೇಲೆ ಫೋನನ್ನು ಸ್ಪೀಕರಿಗೆ ಹಾಕಿ ಒಲೆಯ ಪಕ್ಕ ಇಟ್ಟು ತಾನೂ ಕೇಳಿಸಿಕೊಳ್ಳುವಳು.

ಒಂದು ದಿನ ಹೇಳಿದಳು, ‘ನೆನ್ನೆ ಬ್ರಿಂಗ್, ಬ್ರಾಟ್, ಬ್ರಾಟ್ ಅಂತ ಹೇಳ್ಕೊಟ್ರಲ್ಲ ಮೇಡಂ, ಕಳೆ ಕೀಳ್ತಾ ಅದ್ನೇ ಹೇಳ್ಕೊಂತಿದ್ದೆ. ಎಲ್ರೂ ಬಿದ್ದೂ ಬಿದ್ದೂ ನಕ್ಬಿಟ್ರು.’

‘ನೀನೇ ಪರೀಕ್ಷೆಗೆ ಕೂತ್ಕೋ ಹೋಗಮ್ಮ, ನಿನ್ನ ಮಗಳಿಗಿಂತ ವಾಸಿ’ ಎಂದೆ.

ನಕ್ಕಳು. ಆಮೇಲೆ ದನಿ ತಗ್ಗಿಸಿ, ‘ಇವ್ಳು ಮಾತ್ರ ಆ ಕೂಲಿ ಗಾಡಿ ಹತ್ತಬಾರ್ದು ಮೇಡಂ. ನಂಗೆ ಅಷ್ಟೇ ಸಾಕು’ ಎಂದಳು. ನೋಡಿಕೊಳ್ಳುತ್ತೇನೆ ಎಂದೆ. ಧೈರ್ಯವಾಗಿಯೇ ಅಂದೆ.

ಫೆಬ್ರವರಿ ಕೊನೆಯ ಒಂದು ಬೆಳಿಗ್ಗೆ ಫೋನು ಪೂರಾ ರಿಂಗಾದರೂ ಯಾರೂ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಮೂರನೆಯ ಸಲ ಹುಡುಗಿಯೇ ಎತ್ತಿದಳು. ನನಗೆ ಪಿತ್ತ ನೆತ್ತಿಗೇರಿತ್ತು.

‘ಏನೇ, ಕುಂಭಕರ್ಣನ ತಂಗಿ! ನಿನಗೋಸ್ಕರ ನಾನು ನಿದ್ದೆಗೆಡ್ಬೇಕು, ನೀನು ಹೊದ್ಕೊಂಡು ಮಲಗಿರ್ತೀಯಾ? ಪಾಸಾಗೋ ಲಕ್ಷಣಾನೇನೇ ಇದು?’

‘ಇಲ್ಲ ಮಿಸ್.’

‘ಅದೇನು ಹಿಂದೆ ಗಲಾಟೆ? ಬೆಳಿಗ್ಗೆ ಬೆಳಿಗ್ಗೆ ಟಿವಿ ಹಾಕ್ಕೊಂಡಿದೀಯೇನು?’

‘ಇಲ್ಲ ಮಿಸ್.’

ಪ್ರಶ್ನೆ ಶುರುಮಾಡಿದೆ. ‘ಅಂಬ್ರೆಲಾ’ದ ಹಿಂದೆ ಏನು ಬರುತ್ತೆ? ‘ಆ್ಯನ್’ ಎಂದಳು. ‘ದೇ’ಗೆ ‘ಈಸ್’ ಬರುತ್ತೋ ‘ಆರ್’ ಬರುತ್ತೋ? ‘ಆರ್.’ ಹೀಗೆ ಐದಕ್ಕೂ ಸರಿಯಾಗಿ ಹೇಳಿದಳು. ಒಂದೂ ತಪ್ಪದೆ ಹೇಳಿದ್ದು ಅದೇ ಮೊದಲು. ನನಗೆ ಖುಷಿಯಾಯಿತು. ‘ನೋಡಿದ್ಯಾ, ಬೈದ್ರೇನೇ ನಿಂಗೆ ಬುದ್ಧಿ’ ಎಂದೆ.

‘ಮಿಸ್, ಫೋನ್ ಇಡ್ಲಾ?’ ಎಂದಳು. ‘ಅಮ್ಮ ರಾತ್ರಿ ತೀರ್ಕೊಂಡ್ಲು. ಎದೆನೋವು ಅಂದ್ಲು. ತರೀಕೆರೆ ಆಸ್ಪತ್ರೆಗೆ ಕರ್ಕೊಂಡ್ ಹೋಗೋಕೆ ಆಂಬುಲೆನ್ಸ್ ಬರೋದ್ರೊಳಗೆ ಹೋಗ್ಬಿಟ್ಲು. ಎಲ್ರೂ ಬಂದವ್ರೆ ಮಿಸ್.’

ಹಾಲು ಉಕ್ಕಿ ಒಲೆ ಆರಿಹೋಯಿತು. ತಾಯಿಯ ಹೆಣದ ಪಕ್ಕ ಕೂತು ಆ ಮಗು ನನಗೆ ‘ಆ್ಯನ್’ ಹೇಳಿತ್ತು. ಉತ್ತರ ಹೇಳದಿದ್ದರೆ ಬೈಯುತ್ತಾಳೆ ಈ ಮಿಸ್ಸು ಎಂದು ಹೇಳಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ನಾನೇ ಎಷ್ಟು ಸಲ ಬರೆಸಿದ್ದೇನೆ!

ಅಂದೇ ಅವರ ಊರಿಗೆ ಹೋದೆ. ಹೆಂಗಸರ ನಡುವೆ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು ಅಭ್ಯಾಸಬಲದಿಂದ ಎದ್ದು ನಿಂತಳು.

ಮಾರನೆಯ ದಿನದಿಂದ ಆ ನಂಬರಿಗೆ ಫೋನ್ ಮಾಡಲಿಲ್ಲ. ಉಳಿದವರಿಗೆಲ್ಲ ಮಾಡಿದೆ, ಆ ಹೆಸರು ಬಂದಾಗ ಮುಂದಕ್ಕೆ ಹೋಗುತ್ತಿದ್ದೆ. ಪಾಪ, ಮಗುವನ್ನು ಯಾಕೆ ಹಿಂಸಿಸಬೇಕು ಎಂದು ಸಹೋದ್ಯೋಗಿಗಳಿಗೆ ಹೇಳಿದೆ. ನಿಜ ಬೇರೆ. ನನಗೆ ನಾಚಿಕೆಯಾಗಿತ್ತು. ಆ ರಿಂಗು ಕೇಳುವ ಧೈರ್ಯ ನನಗಿರಲಿಲ್ಲ. ಹನ್ನೆರಡು ದಿನ ಬಿಟ್ಟು ಅವಳು ಶಾಲೆಗೆ ಬಂದಳು, ಕೊನೆಯ ಬೆಂಚಿನಲ್ಲಿ ಕೂತಳು. ನಾನು ಅವಳನ್ನು ಬೈಯಲೂ ಇಲ್ಲ, ಪ್ರಶ್ನೆ ಕೇಳಲೂ ಇಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನನ್ನ ದತ್ತು ಮಕ್ಕಳಲ್ಲಿ ಅವಳೊಬ್ಬಳು ಫೇಲು, ಇಂಗ್ಲಿಷ್ ಒಂದರಲ್ಲೇ. ಫೇಲಾದವರು ಮತ್ತೆ ಬರೆಯುವ ಎರಡನೇ ಪರೀಕ್ಷೆಯ ಅರ್ಜಿ ಹಿಡಿದುಕೊಂಡು ಅವರ ಮನೆಗೆ ಓಡಿದೆ. ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು.

‘ಯಾಕೆ ಓದ್ಲಿಲ್ಲ ಮರೀ?’ ಎಂದೆ. ಅವಳನ್ನು ಮರೀ ಎಂದು ಕರೆದದ್ದು ಅದೇ ಮೊದಲು.

‘ನೀವು ಫೋನ್ ಮಾಡ್ತೀರ ಅಂತ ದಿನಾ ಐದಕ್ಕೆ ಮುಂಚೆ ಎದ್ದು ಕೂತಿರ್ತಿದ್ದೆ ಮಿಸ್’ ಎಂದಳು. ‘ಫೋನ್ ತೊಡೆ ಮೇಲೇ ಇಟ್ಕೊಂಡಿರ್ತಿದ್ದೆ. ಈಗ ಮಾಡ್ತೀರ, ಈಗ ಮಾಡ್ತೀರ ಅಂತ ನೋಡ್ತಾ ನೋಡ್ತಾ ಬೆಳಕಾಗ್ಬಿಡೋದು. ಅಮ್ಮ ಹೋದ್ಮೇಲೆ ನನ್ನ ಕರೆಯೋರು ನೀವೊಬ್ರೇ ಇದ್ದಿದ್ದು. ನೀವೂ ಬಿಟ್ಬಿಟ್ರಿ.’

ದೂರುವ ದನಿಯಲ್ಲ ಅದು. ನಡೆದದ್ದನ್ನು ಹೇಳಿದಳು, ಅಷ್ಟೆ. ನಾನು ಅವರ ಜಗಲಿಯ ಮೇಲೆ ಕೂತು ಅತ್ತೆ. ಅರ್ಜಿಗೆ ಸಹಿ ಹಾಕು, ನಾಳೆಯಿಂದ ತಪ್ಪದೆ ಫೋನ್ ಮಾಡುತ್ತೇನೆ ಎಂದೆ. ‘ಅಪ್ಪನ್ನ ಕೇಳ್ಬೇಕು ಮಿಸ್’ ಎಂದಳು.

ಮಾರನೆಯ ಬೆಳಿಗ್ಗೆ ಸರಿಯಾಗಿ ಐದಕ್ಕೆ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು, ಅವಳಮ್ಮನ ಹಾಗೆಯೇ.

‘ಎದ್ದಿದೀಯೇನೇ?’

‘ಎದ್ದಿದೀನಿ ಮಿಸ್.’

‘ಸರಿ, ಮೊದಲನೇ ಪ್ರಶ್ನೆ…’

‘ಪ್ರಶ್ನೆ ಬೇಡ ಮಿಸ್’ ಎಂದಳು. ‘ಅಪ್ಪ ಬೇಡ ಅಂದ್ಬಿಡ್ತು. ಅಡಿಗೆ ಮಾಡಿ ಬುತ್ತಿ ಕಟ್ಕೋಬೇಕು. ಆರಕ್ಕೆ ಗಾಡಿ ಬತ್ತದೆ.’